ಎರಡು ಕಿಲೋಮೀಟರ್ ಸರಿದ ತೋಳಗಳು

ನನ್ನ ತೋಳದ ನಕ್ಷೆಯಿಂದ ನನ್ನ ಹೆಸರು ಅಳಿಸಿ ನಮ್ಮ ಆಫೀಸಿನ ಅಜಿತ ತನ್ನ ಹೆಸರು ಹಾಕಿಕೊಂಡ.

ಈಗ ಕಮಲಾಪುರದ ದಾರಿಯಲ್ಲಿ ನನ್ನ ಬೈಕಿನ ಹಿಂದೆ ರಸ್ತೆಗೆ ಮುರುಮು ಮಣ್ಣು ಹೊಡೆಯುವ ಕಾಂಟ್ರಾಕ್ಟರ್ ದೌಲಪ್ಪನ ಬೊಲೆರೊ!

ಧಡ್!

ಹಿಂದಿನ ಮಡ್‌ಗಾರ್ಡ್ ಹಾರಿತು. ಹ್ಯಾಂಡಲ್ ತಿರುಗಿಸಿದೆ. ಬೈಕು ತೊಗರಿ ಹೊಲಕ್ಕೆ ನುಗ್ಗಿತು. ಬೊಲೆರೊ ಬದುವಿಗೆ ಸಿಕ್ಕಿ ನಿಂತಿತು.

ಕೇಳಿ, ಹೇಳುತ್ತೇನೆ.

ನಾಲ್ಕು ವರ್ಷ ಈ ಗುಡ್ಡಗಳನ್ನು ನಡೆದು ಅಳೆದವಳು ನಾನು. ಹೆಜ್ಜೆ, ಹಿಕ್ಕೆ, ಗವಿ... ಕುರಿ ಕಾಯುವ ಸಾಯಬಣ್ಣ ತೋರಿಸಿದ್ದನ್ನೆಲ್ಲ ಜಿಪಿಎಸ್‌ನಲ್ಲಿ ಹಿಡಿದು ನಕ್ಷೆಗೆ ಏರಿಸಿದೆ. ಅಜಿತ? ಆಫೀಸಿನ ಎಸಿಯಲ್ಲಿ ಕೂತು ಬಣ್ಣ ತುಂಬಿದ! ಕಲಬುರಗಿಯ ಸಭೆಯಲ್ಲಿ ಶಾಲು ಬಿದ್ದದ್ದು ಅವನ ಹೆಗಲಿಗೆ. ಹಿಂದಿನ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ.

ಆಗ ಪರದೆಯ ಮೇಲೆ ಕಣ್ಣು ಬಿತ್ತು. ತೋಳದ ಚುಕ್ಕೆಗಳೆಲ್ಲ ಬಯಲು ಹೊಲದಲ್ಲಿ!

ನಕ್ಕೆ.

ಬೇಟೆಗಾರರ ಕೈಗೆ ಫೈಲು ಸಿಕ್ಕರೆ ಮರಿಗಳು ಉಳಿಯುವುದಿಲ್ಲ. ಅದಕ್ಕೇ ಪ್ರತಿ ಗವಿಯನ್ನೂ ಎರಡು ಕಿಲೋಮೀಟರ್ ಪೂರ್ವಕ್ಕೆ ಸರಿಸಿ ಗುರುತು ಹಾಕುವುದು ನನ್ನ ರೂಢಿ. ನಿಜವಾದ ಜಾಗ ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ. ಕದ್ದವನಿಗೆ ಅದು ಗೊತ್ತಿರಲಿಲ್ಲ!

ಒಂದು ತಿಂಗಳು ಬಾಯಿ ಬಿಡಲಿಲ್ಲ. ಎಲ್ಲರೆದುರು ಅವನ ಮಾನ ಹೋಗಲಿ ಎಂದು ಕಾದೆ.

ಕಾದದ್ದೇ ತಪ್ಪಾಯಿತು. ಅವನ ನಕ್ಷೆಯಲ್ಲಿ, ನಿಜವಾಗಿ ಗವಿಗಳಿರುವ ಮುರುಮಿನ ಗುಡ್ಡ ಖಾಲಿ. ಅದನ್ನೇ ತೋರಿಸಿ ದೌಲಪ್ಪ ಗುಡ್ಡ ಅಗೆಯಲು ಪರವಾನಗಿ ಪಡೆದ. ಕೊಟ್ಟವರು ಗುಡ್ಡ ಹತ್ತಲಿಲ್ಲ. ಕಾಗದದ ಮೇಲೆ ಬಿಳಿ ಜಾಗ ಕಂಡರೆ ಸಾಕು, ಅಲ್ಲಿ ಯಾರೂ ಬದುಕಿಲ್ಲ ಎಂದು ಠಸ್ಸೆ ಒತ್ತುತ್ತಾರೆ!

ಇವತ್ತು ಮುಂಜಾನೆ ಸಾಯಬಣ್ಣನ ಫೋನು.

"ಅಕ್ಕೋರೆ, ಜೆಸಿಬಿ ಬಂದದ! ಗವಿಯಾಗ ನಾಕು ಮರಿ ಅದಾವ. ಲಗೂನ ಬರ್ರಿ!"

ಹೊರಡುವ ಮೊದಲು ಅಜಿತನಿಗೆ ಫೋನಿನಲ್ಲಿ ನಿಜ ಹೇಳಿದೆ. ಕೆಲಸ ನಿಲ್ಲಿಸು ಎಂದೆ. ಅವನು ದೌಲಪ್ಪನಿಗೆ ಹೇಳಿದ. ಬೊಲೆರೊ ಬೆನ್ನು ಹತ್ತಿತು!

ತೊಗರಿ ಹೊಲ ದಾಟಿ ಗುಡ್ಡ ತಲುಪಿದೆ. ಜೆಸಿಬಿಯ ಹಲ್ಲು ಗವಿಗೆ ಮಾರು ದೂರ. ಅಡ್ಡ ನಿಂತೆ. ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ಅರಣ್ಯಾಧಿಕಾರಿಗೆ ಕಳಿಸಿದೆ. ಉತ್ತರ ಬಂತು: 'ಹೊರಟಿದ್ದೇವೆ.'

ಅಷ್ಟರಲ್ಲಿ ಬೊಲೆರೊವೂ ಬಂತು. ದೌಲಪ್ಪ ಇಳಿದ. ಅವನ ಹಿಂದೆ ಅಜಿತ.

"ಏನ್ ತಂಗಿ, ಗಾಡಿ ಛಲೋ ಓಡಸ್ತಿ!" ದೌಲಪ್ಪ ಹಲ್ಲು ಕಿರಿದ.

"ನೀವು ಛಲೋ ಗುದ್ದತೀರಿ."

ಅಜಿತ ಕಾಗದ ಚಾಚಿದ. "ಅಂಬಿಕಾ, ನಕ್ಷೆ ಬರೋಬ್ಬರಿ ಅದ, ಈ ಗುಡ್ಡದಾಗ ತೋಳ ಇಲ್ಲ ಅಂತ ಸಹಿ ಮಾಡು. ನಕ್ಷೆ ಮ್ಯಾಲ ನಿನ್ನ ಹೆಸರೇ ಮೊದಲು. ನಂದು ಕೆಳಗ. ಖರೇನ!"

ಟೈಪ್ ಮಾಡಿಯೇ ತಂದಿದ್ದ. ದಪ್ಪ ಅಕ್ಷರದಲ್ಲಿ ನನ್ನ ಹೆಸರು... ಅವನ ಹೆಸರಿನ ಮೇಲೆ! ಸುಳ್ಳೇಕೆ ಹೇಳಲಿ? ಬೆರಳು ಪೆನ್ನಿನ ಕಡೆ ಹೋಯಿತು.

ಗವಿಯೊಳಗಿಂದ ಸಣ್ಣಗೆ... ಕುಂಯ್.

ದೌಲಪ್ಪ ಜೆಸಿಬಿ ಡ್ರೈವರಿಗೆ ಕೈಸನ್ನೆ ಮಾಡಿದ. ಜೆಸಿಬಿ ಗುಡುಗಿತು. "ಸಹಿ ಮಾಡ್ತಿಯೋ, ನಿನ್ನ ಮ್ಯಾಲೇ ಹಾಯಿಸ್ಲೋ?"

ಗವಿಯ ಬಾಯಿಗೆ ಬೆನ್ನು ಕೊಟ್ಟು ಕುಳಿತೆ.

"ಮಾಡಂಗಿಲ್ಲ. ನಕ್ಷೆ ಅಜಿತನ ಹೆಸರಿಲೇ ಇರಲಿ ಬಿಡ್ರಿ... ಫಾರೆಸ್ಟಿನವರು ಬರಾಕತ್ತಾರ. ಕೇಸು ಹಾಕಾಕ ಅವರಿಗೂ ಒಂದು ಹೆಸರು ಬೇಕಲ್ಲ!"