ರಾಂದಾಳ ಮೆಸೇಜು ಎಲ್ಲಿ ಹೋಯಿತು?

“ಸುಳ್ಳುಬುರುಕಿ! ಕಳಿಸೇ ಇಲ್ಲ ಅವಳು!”

ನಶ್ವಾ ಕೀಬೋರ್ಡನ್ನು ಅತ್ತ ತಳ್ಳಿದಳು. ಮೊನ್ನೆಮೊನ್ನೆಯವರೆಗೂ ಕೆಳಗಿನ ಮನೆಯಲ್ಲೇ ಇದ್ದ ಗೆಳತಿ ರಾಂದಾ ಈಗ ಪೋರ್ಟ್ ಸಯೀದ್‌ನಲ್ಲಿದ್ದಾಳೆ. ಇವತ್ತು ಶುಕ್ರವಾರ ಊಟವಾದ ಮೇಲೆ ಮೆಸೇಜ್ ಕಳಿಸ್ತೀನಿ ಅಂತ ಫೋನಿನಲ್ಲಿ ಆಣೆ ಇಟ್ಟಿದ್ದಳು.

ಆಗೆಲ್ಲ ಅಲೆಕ್ಸಾಂಡ್ರಿಯಾದಲ್ಲಿ ಒಂದು ಮನೆಗೆ ಕಂಪ್ಯೂಟರ್ ಬಂದರೆ ಇಡೀ ಓಣಿಗೇ ಹೆಮ್ಮೆ. ಕಾಲೇಜಿಗೆ ಹೋಗುತ್ತಿದ್ದ ಸುಹೇರ್ ಚಿಕ್ಕಮ್ಮ ಈ ಇಬ್ಬರು ಹುಡುಗಿಯರಿಗೆಂದೇ ಪುಟ್ಟದೊಂದು ಚಾಟ್ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಎಷ್ಟು ಚೆಂದದ ದಿನಗಳು ಅವು!

ಮೊಲೊಖಿಯಾ ಸೊಪ್ಪು ಬಿಡಿಸುತ್ತಿದ್ದ ಚಿಕ್ಕಮ್ಮ ಕೇಳಿದಳು, “ಪ್ರೋಗ್ರಾಂ ಯಾವಾಗ ಓಪನ್ ಮಾಡ್ದೆ?”

“ಈಗ. ಮೋಡೆಮ್ ದೀಪ ಪಿಳಿಪಿಳಿ ಅಂತು. ಮೆಸೇಜ್ ಬಂತು ಅಂತ ಓಡಿ ಬಂದೆ. ನೋಡಿದ್ರೆ ಏನೂ ಇಲ್ಲ!”

“ಬಂದ ಮೇಲೆ ಓಪನ್ ಮಾಡಿದ್ಯಾ, ಪೆದ್ದಿ?”

“ಮತ್ತೆ? ಈರುಳ್ಳಿಯವನು ಕೂಗಿದ ಮೇಲೆ ತಾನೆ ಅಜ್ಜಿ ಬಾಲ್ಕನಿಯಿಂದ ಬುಟ್ಟಿ ಇಳಿಸೋದು?”

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು.

“ಕಂಪ್ಯೂಟರ್ ಒಳಗಿರೋನು ಕೂಗಲ್ಲ ಕಣೆ. ಅವನ ಹೆಸರು ಕರ್ನೆಲ್, ಕಂಪ್ಯೂಟರನ್ನೆಲ್ಲ ನಡೆಸೋ ಯಜಮಾನ. ತಂತಿಯಲ್ಲಿ ಬಂದದ್ದೆಲ್ಲ ಮೊದಲು ಅವನ ಕೈಗೇ. ಮೆಸೇಜಿನ ಪ್ರತಿ ಪೊಟ್ಟಣದ ಮೇಲೂ ಯಾವ ಪ್ರೋಗ್ರಾಂಗೆ ಅಂತ ಒಂದು ನಂಬರ್ ಇರತ್ತೆ. ಆ ನಂಬರಿನ ಬುಟ್ಟಿ ಮೊದಲೇ ಇಳಿದಿದ್ರೆ ಅದರೊಳಗೆ ಹಾಕ್ತಾನೆ. ಪ್ರೋಗ್ರಾಂ ಅದನ್ನ ಮೇಲಕ್ಕೆ ಎಳ್ಕೊಳ್ಳತ್ತೆ. ಬುಟ್ಟಿ ಇಳಿಸೋದು ಅಂದ್ರೆ ಪ್ರೋಗ್ರಾಂ ಓಪನ್ ಮಾಡಿ ಇಡೋದು. ಬುಟ್ಟೀನೇ ಇಲ್ಲ ಅಂದ್ರೆ, ಎಸೀತಾನೆ.”

“ಒಳಗೇನಿದೆ ಅಂತ ನೋಡೋದೂ ಇಲ್ವಾ?”

“ನಿಮ್ಮ ಗುಟ್ಟು ಅವನಿಗ್ಯಾಕೆ? ‘ಇಲ್ಲಿ ಯಾರೂ ಇಲ್ಲ’ ಅಂತ ಕಳಿಸಿದವರಿಗೆ ತಿಳಿಸಿ ಸುಮ್ಮನಾಗ್ತಾನೆ.”

ನಶ್ವಾಳ ಮುಖ ಸಣ್ಣಗಾಯಿತು.

“ಯಾರೂ ಇಲ್ಲ ಅಂತ ರಾಂದಾಗೂ ಹೇಳಿರ್ತಾನಾ?”

“ಹೇಳಿರ್ತಾನೆ.”

ಸಿಟ್ಟೆಲ್ಲ ಇಳಿದು ಅವಳಿಗೆ ಅಳುವೇ ಬಂತು. ಪ್ರೋಗ್ರಾಂ ಓಪನ್ ಆಗಿಯೇ ಇದೆಯಾ ಅಂತ ಮತ್ತೆ ಮತ್ತೆ ನೋಡಿಕೊಂಡಳು. ಕೆಳಗಿನಿಂದ ಮಕ್ಕಳು ಆಟಕ್ಕೆ ಕರೆದರೂ ಏಳಲಿಲ್ಲ. ರಾಂದಾಗೆ ಏನಂತ ಬರೆಯಲಿ ಎಂದು ಯೋಚಿಸುತ್ತಿರುವಾಗಲೇ ಮೋಡೆಮ್ ದೀಪ ಮಿನುಗಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು.

“ನಶ್ವಾ, ನನ್ನ ಮೇಲೆ ಸಿಟ್ಟಾ? ಎಷ್ಟು ಸಲ ಕಳಿಸಿದ್ರೂ ನೀನಿಲ್ಲ ಅಂತಾನೇ ಬರ್ತಿದೆ. ಹೊಸ ಫ್ರೆಂಡ್ ಸಿಕ್ಕಿದ್ಲಾ?”

ನಶ್ವಾ ಅದನ್ನು ಓದಿದಳು, ಇನ್ನೊಮ್ಮೆ ಓದಿದಳು. ತಾನಿಲ್ಲಿ ಬುಟ್ಟಿ ಇಳಿಸದೇ ಇದ್ದಷ್ಟು ಹೊತ್ತೂ ರಾಂದಾ ಅಲ್ಲಿ ಬಾಗಿಲು ತಟ್ಟುತ್ತಲೇ ಇದ್ದಳು.

ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: “ಇದ್ದೀನಿ ಕಣೆ. ಹೇಳು.”