ಅಲುಗಾಡದೆ ಮಲಗುವ ಪಂದ್ಯ

“ಅಜ್ಜಿ ಮಲಗಿದಾರೆ. ಎಬ್ಬಿಸ್ಬೇಡಿ,” ಎಂದು ಲಾರಸ್ ಮಂಚಕ್ಕೆ ಅಡ್ಡ ನಿಂತಳು.

ನರ್ಸ್ ಗಲಿಹ್ ದಿಂಬು ಹಿಡಿದುಕೊಂಡು ನಿಂತಿದ್ದ. ಇಂಡೊನೇಷ್ಯಾದ ಸೋಲೋ ನಗರದ ಆ ಆಸ್ಪತ್ರೆಯ ಐಸಿಯುಗೆ ಮಕ್ಕಳನ್ನು ಬಿಡುವುದೇ ಅಪರೂಪ. ಲಾರಸ್ ಹಟ ಹಿಡಿದು ಒಳಗೆ ಬಂದಿದ್ದಳು. ಬಂದವಳು ನರ್ಸ್ ಜೊತೆಗೇ ಜಗಳಕ್ಕೆ ನಿಂತದ್ದು ನೋಡಿ ಅಪ್ಪನಿಗೆ ನಾಚಿಕೆಯಾಯಿತು.

ಗಲಿಹ್ ಸಿಟ್ಟಾಗಲಿಲ್ಲ. ಅಜ್ಜಿಗೆ ನ್ಯುಮೋನಿಯಾ, ಉಸಿರಾಟಕ್ಕೆ ಮಷಿನ್ ಹಾಕಿದೆ, ನಿದ್ದೆ ಬರುವ ಔಷಧಿಯನ್ನೂ ಕೊಟ್ಟಿದೆ. ಆಗಾಗ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಆಗುತ್ತದೆ ಎಂದು ಹೇಳಿದ. ಅಜ್ಜಿಯ ಹಿಮ್ಮಡಿಯ ಮೇಲಿದ್ದ ಕೆಂಪು ಕಲೆಯನ್ನು ತೋರಿಸಿದ. ಬೆರಳಿನಿಂದ ಒತ್ತಿದರೂ ಆ ಕೆಂಪು ಹೋಗಲಿಲ್ಲ.

ಲಾರಸ್‌ಗೆ ನಂಬಿಕೆ ಬರಲಿಲ್ಲ. “ನಾನೂ ರಾತ್ರಿಯೆಲ್ಲ ಮಲಗ್ತೀನಿ. ನಂಗೇನೂ ಆಗಿಲ್ವಲ್ಲ?”

“ನೀನು ಮಲಗ್ತೀಯೋ, ಉರುಳಾಡ್ತೀಯೋ?” ಗಲಿಹ್ ನಕ್ಕ. “ಹೊರಗೆ ಹೋಗಿ ಸ್ವಲ್ಪಾನೂ ಅಲುಗಾಡದೆ ಮಲಗಿ ನೋಡು. ಆಮೇಲೆ ಬಂದು ನನ್ನ ಹತ್ರ ಜಗಳ ಆಡು.”

ಹೊರಗಿನ ಹಾಲ್‌ನಲ್ಲಿ ರೋಗಿಗಳ ಮನೆಯವರೆಲ್ಲ ಚಾಪೆ ಹಾಸಿಕೊಂಡು ಕೂತಿದ್ದರು. ಲಾರಸ್ ತಮ್ಮ ಮನೆಯವರ ಚಾಪೆಯ ಮೇಲೆ ಅಂಗಾತ ಮಲಗಿದಳು. ಚಿಕ್ಕಪ್ಪನ ಮಗ ಬೀಮೋ ತಾನೇ ಅಂಪೈರ್ ಎಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಮೂಗು ಅಲ್ಲಾಡ್ತು. ಔಟ್.”

“ಉಸಿರಾಡ್ಬಾರ್ದೇನೋ?”

“ಉಸಿರು ಓಕೆ. ಮೂಗು ಔಟ್.”

ಆಟ ಮತ್ತೆ ಶುರುವಾಯಿತು. ಮೊದಮೊದಲು ಸುಲಭವೇ ಅನಿಸಿತು. ಆಮೇಲೆ ಹಿಮ್ಮಡಿ ನೆಲಕ್ಕೆ ಒತ್ತತೊಡಗಿತು. ಸೊಂಟ ನೋಯಿತು. ಕಿವಿಯ ಹಿಂದೆ ತುರಿಕೆ. ಪಕ್ಕದ ಚಾಪೆಯ ಹೆಂಗಸು ಸೋಯಾಕಾಳು ಹುದುಗಿಸಿ ಮಾಡಿದ ಕರಿದ ತೆಂಪೆ ತಿನ್ನುವುದನ್ನು ಬಿಟ್ಟು, ಇವಳು ಗೆಲ್ಲುವುದಿಲ್ಲ ಎಂದು ಗಂಡನ ಜೊತೆ ಪಂದ್ಯ ಕಟ್ಟಿದಳು. ಲಾರಸ್ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಹಾಗೇ ಜೊಂಪು ಹತ್ತಿತು.

“ಔಟ್!” ಬೀಮೋ ಕೂಗಿದ.

“ಸುಳ್ಳು. ನಾನು ಅಲುಗಾಡ್ಲೇ ಇಲ್ಲ.”

“ಹೇಗೆ ಮಲಗಿದೀಯ ನೋಡ್ಕೋ.”

ಲಾರಸ್ ನೋಡಿಕೊಂಡಳು. ಮಗ್ಗುಲಾಗಿ, ಕಾಲು ಮಡಚಿ ಮಲಗಿದ್ದಳು. ಯಾವಾಗ ಹೊರಳಿದಳೋ ಅವಳಿಗೇ ಗೊತ್ತಿರಲಿಲ್ಲ. ಎದ್ದು ಕೂತು ಐಸಿಯು ಬಾಗಿಲನ್ನೇ ನೋಡಿದಳು. ಬೀಮೋ ಇನ್ನೊಂದು ಆಟಕ್ಕೆ ಕರೆದದ್ದು ಅವಳಿಗೆ ಕೇಳಿಸಲೇ ಇಲ್ಲ.

ಸಂಜೆ ಮತ್ತೆ ಒಳಗೆ ಬಿಟ್ಟಾಗ ಅವಳು ಜಗಳ ಆಡಲಿಲ್ಲ.

“ಅಣ್ಣ, ದಿಂಬು ಎಲ್ಲಿಡ್ಬೇಕು?”

ಗಲಿಹ್ ತೋರಿಸಿಕೊಟ್ಟ: ಮೀನಖಂಡದ ಕೆಳಗೆ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ಲಾರಸ್ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಈಗ ಬಲಕ್ಕೆ ಹೊರಳುತ್ತೇವೆ ಅಜ್ಜಿ, ಹೆದರಬೇಡಿ ಎಂದು ಪಿಸುಗುಟ್ಟಿದಳು.

ಆಮೇಲೆ ದಿನವೂ ಅದೇ ಅವಳ ಕೆಲಸವಾಯಿತು. ಕೆಂಪು ಕಲೆ ಮಾಸುತ್ತಾ ಬಂತು. ಡಾಕ್ಟರ್ ನಿದ್ದೆಯ ಔಷಧಿಯನ್ನು ಕಡಿಮೆ ಮಾಡಿದರು.

ಒಂದು ಬೆಳಗ್ಗೆ ಲಾರಸ್ ಹೋದಾಗ ಅಜ್ಜಿಯ ಹೊದಿಕೆ ಮುದ್ದೆಯಾಗಿ ಕೆಳಗೆ ಜಾರಿತ್ತು. ಒಂದು ಕಾಲು ಓರೆಯಾಗಿ ಮಂಚದ ಅಂಚಿಗೆ ಬಂದಿತ್ತು. ಯಾರೋ ಸರಿಯಾಗಿ ಮಲಗಿಸಿಲ್ಲ ಎಂದು ಅಪ್ಪ ಗೊಣಗಿದ.

“ಯಾರೂ ಮಲಗಿಸಿದ್ದಲ್ಲಪ್ಪ,” ಎಂದಳು ಲಾರಸ್ ಮೆಲ್ಲಗೆ. “ಅಜ್ಜಿನೇ ಹೊರಳಿದಾರೆ.”