ಫೇಲಾದವರಿಗೂ ಒಂದು ಸಾಲು

ಸೆಮಿಸ್ಟರ್ ಮುಗಿಯುವ ವಾರ ವಿಶ್ವವಿದ್ಯಾಲಯದ ಎಲ್ಲರಿಗೂ ಕುಲಪತಿಗಳ ಹೆಸರಿನಲ್ಲಿ ಒಂದು ಪತ್ರ ಹೋಗುತ್ತಿತ್ತು. ಫಲಿತಾಂಶದ ವಿವರ, ಗ್ರಂಥಾಲಯದ ವೇಳೆ, ಪದಕ ಗೆದ್ದವರ ಪಟ್ಟಿ, ಕೊನೆಗೆ ನಾಲ್ಕು ಒಳ್ಳೆಯ ಮಾತು. ಅದನ್ನು ಬರೆಯುತ್ತಿದ್ದವಳು ಮೂರನೇ ಮಹಡಿಯ ಪ್ರಕಟಣಾ ವಿಭಾಗದ ಒಬ್ಬ ಹೆಂಗಸು. ಆಫೀಸಿನಲ್ಲಿ ಅವಳು ‘ಸುದ್ದಿ ಮೇಡಂ’. ಪ್ರತಿಸಲವೂ ಕರಡನ್ನು ತನ್ನ ಹೆಸರು ಹಾಕದೆ ಎಲ್ಲ ವಿಭಾಗಗಳಿಗೂ ಕಳಿಸಿ, ತಪ್ಪಿದ್ದರೆ ತಿಳಿಸಿ ಎನ್ನುತ್ತಿದ್ದಳು. ಐದು ವರ್ಷದಲ್ಲಿ ಒಬ್ಬರೂ ತಿಳಿಸಿರಲಿಲ್ಲ.

ಈ ಸಲ ಒಂದು ಉತ್ತರ ಬಂತು.

‘ಗೆದ್ದವರಿಗೆ ಅಭಿನಂದನೆ ಇದೆ. ಪಾಸಾದವರಿಗೆ ಶುಭಾಶಯ ಇದೆ. ಫೇಲಾದವರಿಗೆ ಏನೂ ಇಲ್ಲವಲ್ಲ, ಮೇಡಂ? ಇಂತಿ, ಗಾಜಿನ ವರ್ಕ್‌ಶಾಪ್.’

ಅವಳ ತಲೆಯೊಳಗೆ ಹುಳ ಬಿಟ್ಟಂತಾಯಿತು. ಕುಲಪತಿಗಳು ಗಂಡಸು. ಪತ್ರ ಅವರದೇ ಹೆಸರಿನಲ್ಲಿತ್ತು. ಈ ಮನುಷ್ಯ ‘ಮೇಡಂ’ ಎಂದು ಬರೆದದ್ದು ಹೇಗೆ?

ಊಟದ ಬಿಡುವಿನಲ್ಲಿ ಅವಳು ಆ ವರ್ಕ್‌ಶಾಪ್ ಇದ್ದ ವಿಜ್ಞಾನ ವಿಭಾಗದ ನೆಲಮಾಳಿಗೆಗೆ ಇಳಿದಳು. ಬಣ್ಣದ ಕನ್ನಡಕ ಹಾಕಿದ ಒಬ್ಬಾತ ಉರಿಯ ಮುಂದೆ ಕೂತು ಬಿರುಕುಬಿಟ್ಟ ಫ್ಲಾಸ್ಕೊಂದನ್ನು ನಿಧಾನವಾಗಿ ತಿರುಗಿಸುತ್ತಿದ್ದ. ಪ್ರಯೋಗಾಲಯದ ಒಡೆದ ಪಾತ್ರೆಗಳನ್ನೆಲ್ಲ ಸರಿಮಾಡುವವನು ಅವನೇ. ಹುಡುಗರ ಬಾಯಲ್ಲಿ ‘ಗಾಜಣ್ಣ’.

“ಎರಡೇ ನಿಮಿಷ, ಕೂತ್ಕೊಳ್ಳಿ. ಈಗ ಬಿಟ್ರೆ ಇದು ಕೈಕೊಡುತ್ತೆ,” ಎಂದ, ತಲೆಯೆತ್ತದೆ.

ಬಿರುಕು ಕರಗಿ ಮಾಯವಾಗುವುದನ್ನು ಅವಳು ಬೆರಗಿನಿಂದ ನೋಡಿದಳು. ಅವನು ಫ್ಲಾಸ್ಕನ್ನು ಪಕ್ಕಕ್ಕಿಟ್ಟದ್ದೇ ತಡ, ಅವಳ ಕೈ ತಾನಾಗಿ ಮುಂದೆ ಹೋಯಿತು. ಅವನು ತಟ್ಟನೆ ಅವಳ ತೋಳಿನ ಬಟ್ಟೆ ಹಿಡಿದೆಳೆದ.

“ಮುಟ್ಬೇಡಿ! ಬಿಸಿ ಗಾಜು, ತಣ್ಣನೆ ಗಾಜು, ನೋಡೋಕೆ ಎರಡೂ ಒಂದೇ ಥರ.”

“ಮತ್ತೆ ನಿಮಗೆ ಹೇಗೆ ಗೊತ್ತಾಗುತ್ತೆ?”

“ಸುಟ್ಕೊಂಡು ಸುಟ್ಕೊಂಡು.” ಅವನು ನಕ್ಕು ಕನ್ನಡಕ ತೆಗೆದ. ಮೂಗಿನ ಮೇಲೆ ಅದರ ಗುರುತು ಕೆಂಪಗೆ ಉಳಿದಿತ್ತು. ಆ ಗುರುತನ್ನು ತಾನೇಕೆ ಇಷ್ಟು ಹೊತ್ತು ನೋಡುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ.

“ಆ ಪತ್ರ ಬರೆಯೋದು ನಾನು ಅಂತ ಯಾರು ಹೇಳಿದ್ರು?”

“ಯಾರೂ ಇಲ್ಲ. ಹೋದ ವರ್ಷ ಕುಲಪತಿಗಳು ಬದಲಾದ್ರು, ಪತ್ರದ ಧಾಟಿ ಬದಲಾಗ್ಲಿಲ್ಲ. ಬರೆಯೋರು ಬೇರೆ ಇದ್ದಾರೆ ಅನ್ನಿಸ್ತು. ಆಫೀಸಿಗೆ ಫೋನ್ ಮಾಡಿ ‘ಪತ್ರ ಬರೆಯೋ ಸಾರ್ ಇದ್ದಾರಾ’ ಅಂದೆ. ‘ಸಾರ್ ಅಲ್ಲ, ಮೇಡಂ, ಊಟಕ್ಕೆ ಹೋಗಿದ್ದಾರೆ’ ಅಂದ್ರು.”

“ಅಂದ್ರೆ ಅದನ್ನ ಪೂರ್ತಿ ಓದ್ತೀರಾ?”

“ಒಂದಕ್ಷರ ಬಿಡದೆ. ಅಲ್ಪವಿರಾಮ ಸ್ವಲ್ಪ ಜಾಸ್ತಿ ಹಾಕ್ತೀರಿ.”

ಅವಳಿಗೆ ಸಿಟ್ಟು ಬರಬೇಕಿತ್ತು. ನಗು ಬಂತು.

ಆಮೇಲೆ ಅವನು ತನ್ನ ಕಥೆ ಹೇಳಿದ. ಹದಿನಾರು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ ಓದುತ್ತಿದ್ದ. ಕೊನೆಯ ವರ್ಷ ಎರಡು ಸಲ ಡುಮ್ಕಿ. ಅಪ್ಪನಿಗೆ ಮುಖ ತೋರಿಸಲಾರದೆ ಈ ಮೆಟ್ಟಿಲ ಮೇಲೆ ಕೂತಿದ್ದಾಗ ವರ್ಕ್‌ಶಾಪಿನ ಹಿಂದಿನ ಮೇಸ್ತ್ರಿ ಹೊರಗೆ ಬಂದು, “ಸುಮ್ನೆ ಕೂತಿದ್ದೀಯಲ್ಲ, ಬಾ, ಈ ಕೊಳವೆ ಹಿಡ್ಕೋ” ಎಂದಿದ್ದರು.

“ಅವರು ಸಮಾಧಾನ ಹೇಳ್ಲಿಲ್ಲ. ಕೆಲಸ ಹೇಳಿದ್ರು. ಆವತ್ತು ಅಷ್ಟು ಸಾಕಾಯ್ತು.”

ಸಂಜೆ ಅವಳು ಪತ್ರದ ಕೊನೆಗೆ ಒಂದು ಸಾಲು ಸೇರಿಸಿದಳು: ‘ಈ ಸಲ ಪಾಸಾಗದವರು ಶುಕ್ರವಾರ ಗಾಜಿನ ವರ್ಕ್‌ಶಾಪಿಗೆ ಬನ್ನಿ. ಟೀ ಇರುತ್ತದೆ, ಕೆಲಸವೂ ಇರುತ್ತದೆ.’

ಕುಲಸಚಿವರು ಹುಬ್ಬು ಗಂಟಿಕ್ಕಿದರು. “ಇದೇನಮ್ಮಾ ಇದು? ಕುಲಪತಿಗಳ ಹೆಸರಲ್ಲಿ ಫೇಲಿನ ಮಾತಾ? ತೆಗೀರಿ.”

“ಸಾಲು ಇರಲಿ ಸಾರ್. ಬೇಕಾದ್ರೆ ಅದರ ಕೆಳಗೆ ನನ್ನ ಹೆಸರು ಹಾಕಿ.”

“ನಾಳೆ ಏನಾದ್ರೂ ದೂರು ಬಂದ್ರೆ ನಿಮ್ಮ ತಲೆಗೇ ಬರುತ್ತೆ.”

“ಬರಲಿ ಸಾರ್.” ಇಷ್ಟು ಧೈರ್ಯ ಎಲ್ಲಿತ್ತು ಎಂದು ಮೆಟ್ಟಿಲಿಳಿಯುವಾಗ ಅವಳಿಗೇ ಸೋಜಿಗ.

ಶುಕ್ರವಾರ ಮಧ್ಯಾಹ್ನದವರೆಗೆ ವರ್ಕ್‌ಶಾಪಿಗೆ ಯಾರೂ ಬರಲಿಲ್ಲ. ಇಬ್ಬರೂ ಬಾಗಿಲು ನೋಡುತ್ತ, ನಡುನಡುವೆ ಒಬ್ಬರನ್ನೊಬ್ಬರು ನೋಡುತ್ತ, ಕಣ್ಣು ಸೇರಿದರೆ ಟೀ ಪಾತ್ರೆಯ ಕಡೆ ತಿರುಗುತ್ತ ಕಾದರು. ಮೂರು ಗಂಟೆಗೆ ಒಬ್ಬ ಹುಡುಗಿ ಅತ್ತು ಊದಿದ ಮುಖದಲ್ಲಿ ಹೊಸ್ತಿಲಲ್ಲಿ ನಿಂತಳು.

“ಅಣ್ಣಾ, ಇದೇನಾ ಅದು?”

“ಇದೇ. ಬಾ, ಈ ಕೊಳವೆ ಹಿಡ್ಕೋ.”

ಐದರ ಹೊತ್ತಿಗೆ ಒಂಬತ್ತು ಜನವಿದ್ದರು. ಬಾಗಿದ ಕೊಳವೆ, ಸೊಟ್ಟ ಗುಂಡು ಮಾಡಿ ಒಬ್ಬರದನ್ನೊಬ್ಬರು ನೋಡಿ ನಗುತ್ತಿದ್ದರು. ಆ ಹುಡುಗಿ ಹೋಗುವಾಗ ಜೂನ್ ಪರೀಕ್ಷೆಗೆ ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂದು ಕೇಳಿದಳು. ಸುದ್ದಿ ಮೇಡಂ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು ಹೇಳಿದಳು.

ಎಲ್ಲರೂ ಹೋದ ಮೇಲೆ ಕೋಣೆ ಒಮ್ಮೆಲೇ ದೊಡ್ಡದಾಯಿತು.

“ನಾಳೆಯಿಂದ ರಜೆ,” ಎಂದ ಅವನು. “ಊರಿಗೆ ಹೋಗ್ತೀರೇನೋ.”

“ಬೆಳಿಗ್ಗೆ ರೈಲು.” ಟೀ ಲೋಟಗಳನ್ನು ಜೋಡಿಸುತ್ತ ಕೇಳಿದಳು, “ಐದು ವರ್ಷ ನನ್ನ ಪತ್ರ ಓದಿದ್ದೀರಿ. ಈ ಸಲವೇ ಯಾಕೆ ಬರೆದ್ರಿ?”

ಅವನು ಒರೆಸಿದ ಲೋಟವನ್ನೇ ಮತ್ತೆ ಒರೆಸಿದ. “ಫೇಲಾದವರ ಬಗ್ಗೆ ಕೇಳಿದ್ದು ನಿಜವೇ. ಆದ್ರೆ... ಬರೆದ್ರೆ ನೀವು ಕೆಳಗೆ ಇಳಿದು ಬರಬಹುದು ಅನ್ನೋ ಆಸೆಯೂ ಇತ್ತು. ತಪ್ಪಾಗಿದ್ರೆ ಹೇಳ್ಬಿಡಿ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಅಮ್ಮ.

“ಏನೇ, ಎಲ್ಲಾ ಕಟ್ಟಿಟ್ಕೊಂಡ್ಯಾ? ರೈಲು ತಪ್ಪಿಸ್ಕೋಬೇಡ.”

“ಅಮ್ಮಾ, ನಾಳೆ ಬರಲ್ಲ. ನಾಲ್ಕು ದಿನ ತಡ ಆಗುತ್ತೆ.”

“ಯಾಕೆ, ಕೆಲಸ ಮುಗೀಲಿಲ್ವಾ?”

“ಮುಗೀತು.” ಅವಳು ಅವನನ್ನೇ ನೋಡುತ್ತಿದ್ದಳು. ಅವನ ಕೈಯಲ್ಲಿನ ಬಟ್ಟೆ ನಿಂತುಹೋಗಿತ್ತು.

ಆ ಕಡೆ ನಗು ಕೇಳಿತು. ಆಮೇಲೆ ಅಮ್ಮನ ದನಿ ಇಡೀ ಕೋಣೆಗೆ ಕೇಳುವಂತೆ ಬಂತು: “ಹಂಗಾದ್ರೆ ಒಬ್ಳೇ ಬರ್ಬೇಡ.”